ಒಂದೇ ಗೋಣಿಯಲ್ಲಿ ಎರಡು ಅಕ್ಕಿ

ಬಜ್ಪೆಯ ಕಡೆಯಿಂದ ಬರುವ ಬಸ್ಸು ಕಾವೂರಿನ ಏರಿನಲ್ಲಿ ಒಮ್ಮೆ ಉಸಿರು ಕಟ್ಟುತ್ತದೆ. ಗೇರು ಬದಲಾಗುವ ಕಟಕಟ ಸದ್ದು, ಆಮೇಲೆ ಒಂದು ಗಳಿಗೆ ಏನೂ ಇಲ್ಲ, ಮತ್ತೆ ಎಂಜಿನಿನ ಉದ್ದನೆಯ ಗೊಣಗಾಟ. ನಡುವಿನ ಆ ಗಳಿಗೆಯಲ್ಲಿ ನಮ್ಮ ಬೇಲಿಯ ಆಚೆ ಯಾವಾಗಲೂ ಒಂದು ಮಾತು ತುಂಡಾಗುತ್ತದೆ. ಬೇಲಿಯಾಚೆಯ ಮನೆ ಕಜೆಟನ್ ಮಾಮನದು. ಬಸ್ಸಿನ ಸದ್ದು ಕಿವಿಗೆ ಬಿದ್ದದ್ದೇ, ಅವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು, ಕೊರಳಲ್ಲಿ ತೂಗುವ ಸೀಟಿಯನ್ನು ಬಾಯಿಗಿಟ್ಟು ರಸ್ತೆಗೆ ಇಳಿದುಬಿಡುತ್ತಾರೆ.

ಅವರು ಕಾವೂರು ಸ್ಟಾಪಿನ ಬಸ್ ಏಜೆಂಟ್. ಜನರನ್ನು ಕೂಗಿ ಹತ್ತಿಸುವುದು, ಬಸ್ಸನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು, ಯಾರದೋ ಮೀನಿನ ಬುಟ್ಟಿಯನ್ನು ಟಾಪಿಗೆ ಏರಿಸುವುದು, ಯಾರಿಗೋ ಪೇಟೆಯಿಂದ ಬಂದ ಮದ್ದಿನ ಬಾಟ್ಲಿಯನ್ನು ಇಳಿಸಿಕೊಳ್ಳುವುದು ಅವರ ಕೆಲಸ. ಉದ್ದ ಕಾಲು, ಸಣ್ಣ ತಲೆ, ತೋಳು ಮಡಚಿದ ಖಾಕಿ ಅಂಗಿ. ದೂರದಿಂದ ನೋಡಿದರೆ ಕೆರೆಯ ಅಂಚಿನಲ್ಲಿ ನಿಂತ ಕೊಕ್ಕರೆಯ ಹಾಗೆ ಕಾಣುತ್ತಾರೆ.

ಅವರ ಹೆಂಡತಿ ನೆಲ್ಲಿ ಬಾಯಿ ನಮ್ಮ ಜಗಲಿಯಲ್ಲಿ ಕುಳಿತಾಗಲೆಲ್ಲ ಒಂದು ಕತೆ ಹೇಳುವುದುಂಟು.

"ನನ್ನನ್ನು ನೋಡ್ಲಿಕ್ಕೆ ಬಂದಾಗಲೂ ಹೀಗೆಯೇ ಹೇಮಕ್ಕ. 'ನಿಮಗೆ ಒಪ್ಪಿಗೆ ಉಂಟಾದರೆ ನಾನು' ಅಂತ ಹೇಳಿದ ಜನ, ಹಾರ್ನ್ ಕೇಳಿದ್ದೇ ಎದ್ದು ನಡೆದದ್ದೇ. ಮುಂದಿನ ಭಾನುವಾರ ಇಗರ್ಜಿಯ ಹೊರಗೆ ಸಿಕ್ಕಿ 'ಮಳೆಗಾಲ ಮುಗಿಯುವವರೆಗೆ ಕಾಯ್ತೇನೆ' ಅಂದರು. ಇದು ಯಾವ ಮಾತಿನ ಬಾಲ ಅಂತ ನೆನಪು ಮಾಡ್ಲಿಕ್ಕೇ ನನಗೆ ಸ್ವಲ್ಪ ಹೊತ್ತು ಬೇಕಾಯ್ತು."

ಹೇಮಕ್ಕ ಎಂದರೆ ನನ್ನ ಅಮ್ಮ, ಹೇಮಾಕ್ಷಿ. ಅಮ್ಮ ಎಷ್ಟನೆಯ ಸಲ ಕೇಳಿದರೂ ಸೆರಗು ಬಾಯಿಗೆ ಒತ್ತಿ ನಗುತ್ತಾಳೆ.

ಊರಿನವರಿಗೆ ಕಜೆಟನ್ ಮಾಮ ಬಸ್ ಏಜೆಂಟ್ ಆಗಿ ಎಷ್ಟು ಗೊತ್ತೋ, ಬೇಸಿಗೆಯ ಶಿಬಿರದವರಾಗಿಯೂ ಅಷ್ಟೇ ಗೊತ್ತು. ಆ ಶಿಬಿರ ಹುಟ್ಟಿದ್ದು ಒಂದು ಮೋರಿಯಿಂದ. ಐವತ್ತೇಳನೆಯ ಇಸವಿಯ ಮಳೆಗೆ ಕೆರೆಯ ತಿರುವಿನಲ್ಲಿ ಮೋರಿ ಕುಸಿಯಿತು. ಬಸ್ಸು ಅರ್ಧದಲ್ಲೇ ನಿಂತು ತಿರುಗಬೇಕಾಯಿತು. ಜನ ಸ್ಟಾಪಿನಲ್ಲಿ ನಿಂತು ದಿನವೂ ಬೈದರು. ಒಬ್ಬ ಹುಡುಗ ಮಾತ್ರ ಮಾಮನ ಹತ್ತಿರ ಬಂದು, "ಇದನ್ನು ಹೇಳ್ಬೇಕಾದ್ದು ಯಾರಿಗೆ?" ಎಂದು ಕೇಳಿದನಂತೆ. ಮಾಮನಿಗೆ ಗೊತ್ತಿರಲಿಲ್ಲ. ಪಕ್ಕದ ಅಂಗಡಿಯವರಿಗೂ, ಶಾಲೆಯ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಮಾಮ ರಜೆ ಹಾಕಿ ಪೇಟೆಗೆ ಹೋಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದರು.

"ಮೋರಿ ಕಟ್ಟಲಿಕ್ಕೆ ಒಂದು ವಾರ ಸಾಕಾಯ್ತು," ಎಂದು ಈಗಲೂ ಹೇಳುತ್ತಾರೆ. "ಸರಿಯಾದ ಮೇಜು ಹುಡುಕ್ಲಿಕ್ಕೆ ಒಂದು ಮಳೆಗಾಲ ಹೋಯ್ತು. ನಾನು ಮುದುಕನಾದ ಮೇಲೆ ಕಲಿತದ್ದನ್ನು ಈ ಮಕ್ಕಳು ಮೀಸೆ ಬರುವ ಮೊದಲೇ ಕಲಿಯಲಿ."

ಮುಂದಿನ ಬೇಸಿಗೆಗೆ ಕಾವೂರಿನ ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿ ಶಿಬಿರ ಶುರುವಾಯಿತು. ಕೂಳೂರು, ಬೋಂದೆಲ್, ಬಜ್ಪೆ, ನಂತೂರಿನ ಗುಡ್ಡದ ಮನೆಗಳು, ಬಸ್ಸು ಹೋಗುವಲ್ಲಿಂದೆಲ್ಲ ಹುಡುಗರು ಬಂದರು. ಎರಡು ವರ್ಷ ಕಳೆದ ಮೇಲೆ ಹುಡುಗಿಯರೂ ಬಂದರು. ಅವರು ಉಳಿಯುವುದು ಶಾಲೆಯ ಹಿಂದೆ, ನೆಲ್ಲಿ ಬಾಯಿಯ ಕಣ್ಗಾವಲಿನಲ್ಲಿ ಎಂಬುದು ಕರಾರು. ಬೆಳಗ್ಗೆ ಕೆರೆಯ ಹೂಳು ಎತ್ತುವುದು. ಮಧ್ಯಾಹ್ನದ ಮೇಲೆ ಸಭೆ ನಡೆಸುವುದು ಹೇಗೆ, ಅರ್ಜಿ ಬರೆಯುವುದು ಹೇಗೆ, ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರುವುದು ಹೇಗೆ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಒಂದು ದಿನ ಎಲ್ಲರನ್ನೂ ಪೇಟೆಗೆ ಕರೆದುಕೊಂಡು ಹೋಗಿ ಸರಕಾರಿ ಕಚೇರಿಯ ಮುಂದೆ ನಿಲ್ಲಿಸಿ, "ಇದು ಯಾರ ಮನೆ?" ಎಂದು ಮಾಮ ಕೇಳುತ್ತಿದ್ದರು. ಹುಡುಗರು ಚಪ್ಪಲಿ ಕಳಚಿ ಹೊರಗಿಡಲು ಹೊರಟರೆ ಸೀಟಿ ಊದಿ ತಡೆಯುತ್ತಿದ್ದರು. "ಹಾಕ್ಕೊಂಡೇ ಹೋಗಿ. ಸುಣ್ಣ ಬಳಿದದ್ದು ನಿಮ್ಮಪ್ಪಂದಿರ ಹಣದಲ್ಲಿ."

ಆದರೆ ಮಾಮನ ಮನಸ್ಸು ಎಲ್ಲಕ್ಕಿಂತ ಹೆಚ್ಚು ನೆಟ್ಟದ್ದು ಮೊದಲ ಸಂಜೆಯ ಒಂದು ಕೆಲಸದಲ್ಲಿ. ಆ ಸಂಜೆ ಶಿಬಿರದ ನಾಯಕನನ್ನು ಆರಿಸಬೇಕು. ನಿಂತವರ ಒಬ್ಬೊಬ್ಬರ ಹೆಸರಿಗೆ ಒಂದೊಂದು ತೆಂಗಿನ ಗೆರಟೆ. ಗೆರಟೆಗಳ ಮುಂದೆ ನೆಲ್ಲಿ ಬಾಯಿಯ ಹಾಸುಬಟ್ಟೆಯ ಮರೆ. ಪ್ರತಿಯೊಬ್ಬರ ಕೈಗೂ ಚೆನ್ನೆಮಣೆ ಆಟದ ಒಂದು ಕೆಂಪು ಕಾಳು. ಮರೆಯ ಹಿಂದೆ ಹೋಗಿ, ಬೇಕಾದ ಗೆರಟೆಗೆ ಹಾಕಿ, ಇನ್ನೊಂದು ಕಡೆಯಿಂದ ಹೊರಗೆ ಬರುವುದು. ಕಾಳು ಬಿದ್ದ ಟಕ್ ಸದ್ದು ಎಲ್ಲರಿಗೂ ಕೇಳುತ್ತದೆ. ಯಾವ ಗೆರಟೆಗೆ ಬಿತ್ತೆಂದು ಯಾರಿಗೂ ತಿಳಿಯದು. ಆ ಸದ್ದನ್ನು ಮಾಮ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಅಷ್ಟು ವರ್ಷ ಶಿಬಿರದ ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲ ಬಸ್ಸಿನ ಯಜಮಾನರದು. ಅವರು ಏನನ್ನೂ ಕೇಳದೆ ಕೊಡುತ್ತಿದ್ದ ಮನುಷ್ಯ. ಅರವತ್ತಮೂರರ ಕೊನೆಗೆ ಅವರು ತೀರಿಕೊಂಡರು. ಬಸ್ಸುಗಳನ್ನು ಬೇರೆಯವರು ಕೊಂಡರು. ಹೊಸಬರು ಮಾಮನನ್ನು ಉಳಿಸಿಕೊಂಡರು, ಶಿಬಿರವನ್ನು ಉಳಿಸಿಕೊಳ್ಳಲಿಲ್ಲ. ಅಕ್ಕಿ ಸಿಗುವುದೇ ಕಷ್ಟವಾಗಿದ್ದ ಕಾಲ ಅದು; ರೇಷನ್ ಅಂಗಡಿಯ ಮುಂದಿನ ಸಾಲು ಬೆಳಗ್ಗೆಯೇ ರಸ್ತೆಗೆ ಬರುತ್ತಿತ್ತು.

ಆಗಲೇ ಒಂದು ದಿನ ಚೆನ್ನಪ್ಪ ಧಣಿಯ ಕಪ್ಪು ಕಾರು ಸ್ಟಾಪಿನಲ್ಲಿ ನಿಂತಿತು. ಅವರದು ಮರದ ವ್ಯಾಪಾರ. ಭಾರೀ ಮೈ, ಭಾರೀ ಸ್ವರ, ಊಟ ಹಾಕುವುದರಲ್ಲಿ ಭಾರೀ ಕೈ. ನಾನು ಪೇಟೆಯ ಹೈಸ್ಕೂಲಿಗೆ ಹೋಗುವ ಬಸ್ಸಿಗೆ ಕಾಯುತ್ತಾ ಅಲ್ಲೇ ನಿಂತಿದ್ದೆ.

"ಏನು ಪೊರ್ಬುಗಳೇ," ಎಂದರು ಧಣಿ. ತುಳುವರು ಕ್ರಿಸ್ತುವರನ್ನು ಕರೆಯುವುದೇ ಹಾಗೆ. "ನಿಮ್ಮ ಶಿಬಿರಕ್ಕೆ ಈ ವರ್ಷ ಬೀಗ ಅಂತೆ?"

"ಬೀಗ ಹಾಕ್ಲಿಕ್ಕೆ ಬಾಗಿಲು ಬೇಕಲ್ಲ ಧಣಿ. ನಮ್ಮದು ಜಗಲಿ."

ಧಣಿ ಹೊಟ್ಟೆ ಕುಣಿಸಿ ನಕ್ಕರು. "ಹತ್ತು ದಿನದ ಊಟ, ದೀಪ, ಚಾಪೆ ಎಲ್ಲ ನನ್ನ ಲೆಕ್ಕ. ಆಯ್ತಾ? ಒಂದು ಸಣ್ಣ ಕೆಲಸ ಮಾತ್ರ ಉಂಟು. ನನ್ನ ಅಳಿಯ ಮುದ್ದು ಬಿ.ಎ. ಮುಗಿಸಿದ್ದಾನೆ. ಬರುವ ವರ್ಷ ಪಂಚಾಯತಿಗೆ ನಿಲ್ಲಿಸುವ ಅಂತ. ಈ ಸಲ ನಿಮ್ಮಲ್ಲಿ ಅವನನ್ನೇ ನಾಯಕ ಮಾಡಿ."

"ಬರಲಿ ಧಣಿ. ನಿಲ್ಲಲಿ. ಕಾಳು ಬಿದ್ದರೆ ನಾಯಕನೇ."

"ಬೀಳ್ತದೋ ಇಲ್ವೋ ಅಂತ ನೋಡುವುದಾದರೆ ನಾನು ಯಾಕೆ ಅಕ್ಕಿ ಕೊಡ್ಬೇಕು ಮಾರಾಯ್ರೆ?"

ಧಣಿ ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರ ಅಳಿಯಕಟ್ಟಿನಲ್ಲಿ ಮಾವನ ಆಸ್ತಿ ಹೋಗುವುದು ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ. ಮನೆ, ಗದ್ದೆ, ಮರದ ಡಿಪೋ ಎಲ್ಲವನ್ನೂ ಕೊಡುವ ಕೈಯಿಂದಲೇ ಇದೊಂದನ್ನೂ ಕೊಟ್ಟರೆ ತಪ್ಪೇನು ಎಂದು ಅವರಿಗೆ ನಿಜವಾಗಿಯೂ ಅನಿಸಿತ್ತು.

ಮಾಮ ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. "ಧಣಿ, ನಿಮ್ಮದು ದೊಡ್ಡ ಮನಸ್ಸು. ಇಲ್ಲ ಅನ್ನುವುದಿಲ್ಲ. ಆದರೆ ನಾನು ಎಂತ ಹೇಳ್ತೇನೆ ಅಂದ್ರೆ,"

ಏರಿನಲ್ಲಿ ಗೇರಿನ ಸದ್ದಾಯಿತು. ಮಾಮ ನಡೆದೇಬಿಟ್ಟರು.

"ಇಲ್ಲ ಅನ್ನುವುದಿಲ್ಲ" ಎಂಬಷ್ಟನ್ನು ಕಟ್ಟಿಕೊಂಡು ಧಣಿ ಮನೆಗೆ ಹೋದರು. ಸಂಜೆಯ ಹೊತ್ತಿಗೆ ಮುದ್ದು ಶಿಬಿರದ ನಾಯಕನೆಂದು ಮೀನಿನ ಮಾರ್ಕೆಟಿನವರಿಗೂ ಗೊತ್ತಿತ್ತು.

"ನಿಮ್ಮ ಅರ್ಧ ಮಾತನ್ನು ಧಣಿ ಪೂರ್ತಿ ಮಾಡಿದ್ದಾರೆ, ನೋಡಿ," ಎಂದರು ನೆಲ್ಲಿ ಬಾಯಿ.

ಮಾಮ ಊಟ ಮಾಡಲಿಲ್ಲ. ಅಂಗಿ ಬದಲಿಸಿ ಧಣಿಯ ಮನೆಗೆ ನಡೆದು ಹೋದರು. ಬಿಟ್ಟ ಮಾತನ್ನು ಮುಗಿಸಲೆಂದೇ ಅವರು ಯಾರದಾದರೂ ಮನೆಗೆ ಹೋದದ್ದು ನನಗೆ ತಿಳಿದಂತೆ ಅದೊಂದೇ ಸಲ. ಅಲ್ಲಿ ಅವರು ಹೇಳಿದ್ದಿಷ್ಟೇ: "ಆದರೆ ನಾಯಕನ ಜಾಗ ನನ್ನದಲ್ಲ ಧಣಿ, ಕೊಡ್ಲಿಕ್ಕೆ." ಧಣಿ ಕಾಫಿ ಕುಡಿಸಿ ಕಳುಹಿಸಿದರು. ಅಕ್ಕಿಯ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ನಮ್ಮ ಜಗಲಿಯಲ್ಲಿ ಮಾಮ ಕೈಕಟ್ಟಿ ಕುಳಿತಿದ್ದರು.

"ಈಗ ಎಂತ? ಮಕ್ಕಳಿಗೆ ಮೂರು ಹೊತ್ತು ಭಾಷಣ ಬಡಿಸ್ತೀರಾ?" ಎಂದು ನೆಲ್ಲಿ ಬಾಯಿ ಕೆಣಕಿದರು.

"ಶಿಬಿರ ಬಿಡುವ ಅಂತ ಕಾಣ್ತದೆ," ಎಂದರು ಮಾಮ.

ಅಕ್ಕಿ ಆರಿಸುತ್ತಿದ್ದ ಅಮ್ಮ ಗೆರಸೆಯಿಂದ ತಲೆ ಎತ್ತಲಿಲ್ಲ. "ನಮ್ಮ ಅಜ್ಜಿ ಒಲೆಗೆ ಅಕ್ಕಿ ಹಾಕುವ ಮೊದಲು ಒಂದು ಮುಷ್ಟಿ ತೆಗೆದು ಬೇರೆ ಮಡಕೆಗೆ ಹಾಕ್ತಿದ್ರು. ದೇವರ ಹೆಸರಿನದ್ದು. ಮನೆಯಲ್ಲಿ ಯಾರಿಗೂ ಕಡಿಮೆ ಬೀಳ್ತಿರಲಿಲ್ಲ. ವರ್ಷಕ್ಕೆ ಮಡಕೆ ತುಂಬ್ತಿತ್ತು."

ಮಾಮ ಎದ್ದು ನಿಂತರು. "ಹೇಮಕ್ಕ," ಎಂದರು, ಅಷ್ಟರಲ್ಲಿ ಬಸ್ಸು ಬಂತು. ಆದರೆ ಆ ದಿನ ಅವರು ಹಾರಿದಂತೆ ಹೋದರು.

ಬಸ್ಸಿನ ಕಂಡಕ್ಟರುಗಳೆಲ್ಲ ಮಾಮನ ಗೆಳೆಯರು. ಮನೆಗೆ ದಿನಕ್ಕೊಂದು ಮುಷ್ಟಿ ಅಕ್ಕಿ ಶಿಬಿರಕ್ಕೆ ಎಂದು ಮಾಮ ಅವರ ಬಾಯಲ್ಲಿ ಸ್ಟಾಪು ಸ್ಟಾಪಿಗೂ ಹೇಳಿ ಕಳುಹಿಸಿದರು. ವಾರಕ್ಕೊಮ್ಮೆ ಸ್ಟಾಪು ಸ್ಟಾಪಿನಲ್ಲಿ ಹೆಂಗಸರು ತಂದುಕೊಟ್ಟ ಅಕ್ಕಿಯನ್ನು ಅವರು ಕಾವೂರಿನಲ್ಲಿ ಇಳಿಸಿದರು. ಸಾಲಿನಲ್ಲಿ ನಿಂತು ತಂದ ಅಕ್ಕಿಯಿಂದ ಜನ ಮುಷ್ಟಿ ತೆಗೆದಿಡುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ತೆಗೆದಿಟ್ಟರು. ಕೂಳೂರಿನಲ್ಲಿ ಬೀಡಿ ಕಟ್ಟುವ ಖೈರುನ್ನಿಸಾ ಎಂಬವರು ತಮ್ಮ ಸುತ್ತಲಿನ ಮನೆಗಳನ್ನೆಲ್ಲ ಒಪ್ಪಿಸಿದ್ದರು. ಮೊದಲ ವಾರದ ಅಕ್ಕಿಯ ಜೊತೆ ತಾವೇ ಬಸ್ಸಿನಲ್ಲಿ ಬಂದು ಇಳಿದರು.

"ನನ್ನ ಮಗ ಹೋದ ವರ್ಷ ನಿಮ್ಮ ಶಿಬಿರಕ್ಕೆ ಬಂದು ಹೋದ ಮೇಲೆ ಮನೆಯಲ್ಲಿ ಎಂತ ಹೇಳಿದ್ರೂ 'ಕಾರಣ ಕೊಡಿ' ಅಂತ ಕೇಳ್ತಾನೆ ಮಾರಾಯ್ರೆ. ನನ್ನ ತಲೆ ತಿಂತಾನೆ," ಎಂದರು ಮಾಮನಿಗೆ. "ತಲೆ ಎಷ್ಟು ದಿನ ತಿನ್ನುವುದು, ಅಕ್ಕಿ ತಿನ್ನಲಿ."

ಮಾಮ ಬಂದ ಅಕ್ಕಿಯನ್ನು ತಮ್ಮ ಚಾವಡಿಯ ಮೂಲೆಯ ಗೋಣಿಗೆ ಸುರಿಯುತ್ತಾ ಹೋದರು. ಯಾರನ್ನೂ ಮುಟ್ಟಲು ಬಿಡಲಿಲ್ಲ. ಗೋಣಿ ಒಂದಿದ್ದದ್ದು ಮೂರಾಯಿತು. ಸಂಜೆ ಅವುಗಳ ಹೊಟ್ಟೆಯನ್ನು ತಟ್ಟಿ, ಹಸುವಿನ ಬೆನ್ನು ಸವರುವಂತೆ ಸವರಿ, ಆಮೇಲೆ ದೀಪ ಹಚ್ಚುತ್ತಿದ್ದರು.

ಶಿಬಿರದ ಮೊದಲ ದಿನ ಬೆಳಗ್ಗೆ ಗೋಣಿಗಳು ಶಾಲೆಗೆ ಹೋದವು. ನೆಲ್ಲಿ ಬಾಯಿ, ಅಮ್ಮ, ಖೈರುನ್ನಿಸಾ ಮೂವರೂ ಒಲೆಯ ಬಳಿ ಇದ್ದರು. ಸೌದೆ ಕೊಡಲು ನಾನೂ ಅಮ್ಮನ ಹಿಂದೆ ಹೋಗಿದ್ದೆ. ನೆಲ್ಲಿ ಬಾಯಿ ಒಂದು ಗೋಣಿಯ ಕಟ್ಟು ಬಿಚ್ಚಿ ಒಳಗೆ ಕೈ ಹಾಕಿದರು. ಕೈ ಹೊರಗೆ ತೆಗೆದು ಅಂಗೈ ನೋಡಿದರು. ಅಮ್ಮನಿಗೆ ತೋರಿಸಿದರು. ಅಮ್ಮ ಎರಡನೆಯ ಗೋಣಿ ಬಿಚ್ಚಿದಳು, ಮೂರನೆಯದನ್ನೂ ಬಿಚ್ಚಿದಳು.

"ಕಜೆಟನ್ ಪೊರ್ಬುಗಳೇ," ಎಂದು ಅಮ್ಮ ಮೆಲ್ಲನೆ ಕರೆದಳು. "ಎಲ್ಲ ಒಟ್ಟಿಗೆ ಸುರಿದಿರಾ?"

"ಮತ್ತೆಂತ? ಅಕ್ಕಿ ಅಕ್ಕಿಯೇ ಅಲ್ವಾ?"

ಕೆಂಪು ಕುಚ್ಚಲಕ್ಕಿಯೂ ಬಿಳಿ ಬೆಳ್ತಿಗೆಯೂ ಪೂರ್ತಿ ಬೆರೆತುಹೋಗಿದ್ದವು. ನಮ್ಮ ಊರಿನಲ್ಲಿ ದಿನದ ಗಂಜಿಗೆ ಬೇಯುವುದು ಕುಚ್ಚಲಕ್ಕಿ. ದೇವರಿಗೆ, ದಾನಕ್ಕೆ, ಹಬ್ಬದ ತಿಂಡಿಗೆ ಬೆಳ್ತಿಗೆ. ಶಿಬಿರವೆಂದರೆ ಮಕ್ಕಳ ಊಟ ಎಂದುಕೊಂಡ ಮನೆಯವರು ಕುಚ್ಚಲಕ್ಕಿ ಕೊಟ್ಟಿದ್ದರು. ಅದು ದೇವರ ಕೆಲಸ ಎಂದುಕೊಂಡವರು ದಾನದ ಅಕ್ಕಿಯನ್ನೇ ಕೊಟ್ಟಿದ್ದರು. ಯಾರು ಹೇಗೆಂದುಕೊಂಡರೆಂದು ಜಾತಿ ನೋಡಿ ಹೇಳುವಂತೆಯೂ ಇರಲಿಲ್ಲ. ಅಮ್ಮ ಕೊಟ್ಟದ್ದು ಕುಚ್ಚಲಕ್ಕಿ. ನೆಲ್ಲಿ ಬಾಯಿ ಕೊಟ್ಟದ್ದು ಬೆಳ್ತಿಗೆ.

"ಮದುವೆಯಾಗಿ ಇಷ್ಟು ವರ್ಷ ಆಯ್ತು. ನಿಮಗೆ ಬಸ್ಸಿನ ಟೈಮು ಬಿಟ್ಟು ಎಂತ ಗೊತ್ತುಂಟು?" ಎಂದರು ನೆಲ್ಲಿ ಬಾಯಿ. ನಗಬೇಕೋ ಅಳಬೇಕೋ ಎಂದು ಅವರ ಮುಖಕ್ಕೇ ತಿಳಿದಿರಲಿಲ್ಲ.

ಬೇರೆ ದಾರಿ ಇಲ್ಲದೆ ಹಾಗೆಯೇ ಬೇಯಿಸಿದರು. ಬೇಯಲು ತಡವಾಗುವ ಕುಚ್ಚಲಕ್ಕಿ ಕಣ್ಣು ಬಿಡುವ ಹೊತ್ತಿಗೆ ಬೆಳ್ತಿಗೆ ಕರಗಿ ಅಂಟಾಗಿತ್ತು. ಗಂಜಿ ಬೇಯುವ ದೊಡ್ಡ ಕಟಾರದ ತಳ ಹಿಡಿಯಿತು. ಮಧ್ಯಾಹ್ನ ಕೆರೆಯಿಂದ ಕೆಸರು ಮೆತ್ತಿಕೊಂಡು ಬಂದ ಹುಡುಗರು ಒಂದು ತುತ್ತು ಬಾಯಿಗಿಟ್ಟು ಮುಖ ಮುಖ ನೋಡಿದರು. ಗೋಂದಿನೊಳಗೆ ಕಲ್ಲು. ಮಾಮ ಒಬ್ಬರೇ ತಲೆ ತಗ್ಗಿಸಿ ಬಟ್ಟಲು ಖಾಲಿ ಮಾಡಿದರು.

ಮುದ್ದು ಅದೇ ಸಾಲಿನಲ್ಲಿ ಕುಳಿತಿದ್ದ. ಮಾವನ ಕಾರಿನಲ್ಲಿ ಬರುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನು ಬಸ್ಸಿನಲ್ಲಿ ಬಂದು ಇಳಿದಿದ್ದ. ಬೆಳಗ್ಗೆ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೂಳು ಹೊತ್ತವನು ಅವನೇ. ಬಾಯಿ ಬಿಟ್ಟರೆ ನಗುವ ಹುಡುಗ, ಉಳಿದವರು ಆಗಲೇ ಅವನ ಸುತ್ತ ಸೇರಿದ್ದರು. ಮಾಮ ಅದನ್ನು ನೋಡುತ್ತಿದ್ದರು.

"ಅವನು ಒಳ್ಳೆಯ ಹುಡುಗ ಮಾರಾಯ್ತಿ," ಎಂದರು ನೆಲ್ಲಿ ಬಾಯಿಗೆ. "ಅದೇ ನನ್ನ ಹೆದರಿಕೆ."

"ಹೆದರಿಕೆ ಎಂತಕ್ಕೆ?"

"ಸರಿಯಾಗಿಯೇ ಗೆದ್ದರೆ? ಯಾರು ನಂಬ್ತಾರೆ? ಧಣಿಯ ಮಾತು ಕೆಲಸ ಮಾಡಿತು ಅಂತಲೇ ಹೇಳ್ತಾರೆ. ಈ ಮಕ್ಕಳೂ ಹಾಗೆಯೇ ಕಲೀತಾರೆ."

ನೆಲ್ಲಿ ಬಾಯಿ ಒಳಗೆ ಹೋಗಿ ರಾತ್ರಿಗೆ ಬೇಕಾದಷ್ಟು ಅಕ್ಕಿಗೆ ಬಿಸಿನೀರು ಸುರಿದು ನೆನೆಯಲು ಇಟ್ಟರು. ಬೇಯಿಸಿದರೆ ಒಟ್ಟಿಗೆ ಬೇಯದ ಅಕ್ಕಿಗಳು ಅರೆದರೆ ಒಂದಾಗುತ್ತವಲ್ಲ ಎಂದು ಮೂವರಲ್ಲಿ ಯಾರು ಮೊದಲು ಹೇಳಿದರೋ ಈಗ ನೆನಪಿಲ್ಲ. ಪ್ರತಿಯೊಬ್ಬರೂ ತಾನೇ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮನೆಗಳ ಕಡೆಯುವ ಕಲ್ಲುಗಳ ಮುಂದೆ ಶಿಬಿರದ ಹುಡುಗರು ಕಾಲು ಚಾಚಿ ಕುಳಿತಿದ್ದರು. ಹುಟ್ಟಿದ ಮೇಲೆ ಗುಂಡುಕಲ್ಲು ಮುಟ್ಟಿದವರಲ್ಲ. ಹಿಟ್ಟು ಕಲ್ಲಿಗಿಂತ ಹೆಚ್ಚು ಗೋಡೆಯ ಮೇಲಿತ್ತು.

"ಬಲಕ್ಕೆ ತಿರುಗಿಸು ಮಗಾ, ಎಡಕ್ಕಲ್ಲ," ಎಂದು ಖೈರುನ್ನಿಸಾ ಮಗನನ್ನು ಗದರುವುದು ಕೇಳಿಸಿತು.

"ಕಾರಣ ಕೊಡಿ," ಎಂದ ಅವನು.

"ಕಾರಣ ಈ ಸೌಟು. ಬೇಕಾ?"

ಆ ನಗುವಿನ ನಡುವೆಯೇ ಕಪ್ಪು ಕಾರು ಶಾಲೆಯ ಅಂಗಳಕ್ಕೆ ಬಂದು ನಿಂತಿತು. ಮಧ್ಯಾಹ್ನದ ಗಂಜಿಯ ಸುದ್ದಿ ಧಣಿಗೆ ಹೋಗಿತ್ತು. ಡ್ರೈವರ್ ಎರಡು ಮುಡಿ ಅಕ್ಕಿ ಇಳಿಸಿದ. ಬೈಹುಲ್ಲಿನಲ್ಲಿ ಬಿಗಿಯಾಗಿ ಕಟ್ಟಿದ, ಚೆಂಡಿನಂತೆ ಗುಂಡಾದ ಮುಡಿಗಳು. ಒಳಗೆ ಒಂದೇ ಜಾತಿಯ ಒಳ್ಳೆಯ ಕುಚ್ಚಲಕ್ಕಿ.

"ಮಕ್ಕಳನ್ನು ಉಪವಾಸ ಹಾಕ್ಬೇಡಿ ಪೊರ್ಬುಗಳೇ," ಎಂದರು ಧಣಿ. "ನನ್ನ ಮಾತು ಹಳೆಯದೇ."

ಮಾಮ ಸೀಟಿ ಊದಿದರು. ಹುಡುಗರು, ಹುಡುಗಿಯರು ಕೈಯ ಹಿಟ್ಟು ಒರೆಸುತ್ತಾ ಜಗಲಿಗೆ ಬಂದರು. ಮಾಮ ನಿಂತುಕೊಂಡು, ಏನನ್ನೂ ಮುಚ್ಚದೆ ಹೇಳಿದರು: ಧಣಿ ಅಕ್ಕಿ ತಂದಿದ್ದಾರೆ, ಅಕ್ಕಿ ಬೇಕಾದರೆ ಇವತ್ತು ಕಾಳು ಹಾಕುವುದಿಲ್ಲ, ಮುದ್ದುವೇ ನಾಯಕ, ಬೇಡವಾದರೆ ಮೂಲೆಯ ಗೋಣಿಯಲ್ಲಿ ಉಳಿದದ್ದೇ ಹತ್ತು ದಿನಕ್ಕೆ. "ಅಕ್ಕಿ ಹಾಳು ಮಾಡಿದ್ದು ನಾನು. ಅದಕ್ಕೆ ನಾನು ಮಾತಾಡುವುದಿಲ್ಲ. ಇದು ನಿಮ್ಮ ಮೊದಲನೆಯ ಸಭೆ."

ಅಷ್ಟು ಹೇಳಿ ಅವರು ಕಂಬದ ಬುಡದಲ್ಲಿ ಕುಳಿತರು. ಕೈ ಸೀಟಿಯನ್ನು ಹಿಡಿದಿತ್ತು. ಒಬ್ಬ ಹುಡುಗ "ಊಟ ಮುಖ್ಯ ಅಲ್ವಾ" ಎಂದು ಗೊಣಗಿದ. ಇನ್ನಿಬ್ಬರು ತಲೆ ಆಡಿಸಿದರು. ಹಾಗೆಯೇ ಒಪ್ಪಿಬಿಡುತ್ತಾರೆಂದು ನನಗೆ ಅನಿಸಿತು.

ಆಗ ಬೋಂದೆಲಿನ ಎಸ್ತೆರ್ ಎದ್ದು ನಿಂತಳು. ಟೀಚರ್ ಟ್ರೈನಿಂಗಿಗೆ ಸೇರಿದ್ದ, ಸಣ್ಣ ಸ್ವರದ ಹುಡುಗಿ. "ಮಧ್ಯಾಹ್ನದ ಗಂಜಿ ತಿನ್ನುವ ಹಾಗೆ ಇರಲಿಲ್ಲ, ಸುಳ್ಳು ಹೇಳುವುದಿಲ್ಲ," ಎಂದಳು. "ಆದರೆ ಆ ಗಂಜಿ ಕೊಟ್ಟವರು ಯಾರೂ ನನ್ನ ಕಾಳು ಕೇಳ್ಲಿಲ್ಲ."

ಮುದ್ದು ಎದ್ದ. ಮಾವನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದ: "ನಾನು ನಿಲ್ತೇನೆ. ನನಗೆ ಆಸೆ ಉಂಟು. ಆದರೆ ಆ ಮುಡಿ ಅಂಗಳದಲ್ಲಿ ಇರುವವರೆಗೆ ನಿಲ್ಲುವುದಿಲ್ಲ."

"ಏ ಮುದ್ದು!" ಧಣಿಯ ಸ್ವರ ಏರಿತು. "ನಿನ್ನ ಅಮ್ಮನಿಗೆ ನಾನು ಎಂತ ಹೇಳಲಿ?"

"ಬೆಳಗ್ಗೆ ಬಸ್ಸಿನ ಹಣ ಕೊಟ್ಟದ್ದೇ ಅಮ್ಮ, ಮಾವ."

ಧಣಿ ತಾವು ತಂದ ಮುಡಿಯ ಮೇಲೆಯೇ ಧೊಪ್ಪನೆ ಕುಳಿತರು. "ಇಳಿಸಿದ್ದಾಗಿದೆ. ಮತ್ತೆ ಕಾರಿಗೆ ಏರಿಸ್ಲಿಕ್ಕೆ ನನ್ನ ಡ್ರೈವರನ ಸೊಂಟ ಬಿಡುವುದಿಲ್ಲ."

ಮಾಮ ಎದ್ದರು. "ಏರಿಸುವುದು ನನ್ನ ಕೆಲಸ ಧಣಿ. ನೀವು ಸ್ವಲ್ಪ ಏಳಿ."

ಬಸ್ಸಿನ ಟಾಪಿಗೆ ಅಷ್ಟು ವರ್ಷ ಸಾಮಾನು ಏರಿಸಿದ ಆ ಉದ್ದ ಕೈಗಳು ಒಂದೊಂದು ಮುಡಿಯನ್ನೂ ಎತ್ತಿ, ಮಗುವನ್ನು ಕೂರಿಸುವಂತೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದವು. ಬಾಗಿಲು ಮುಚ್ಚಿ, ಅಭ್ಯಾಸ ಬಲದಿಂದ, ಮಾಮ ಕಾರ್ ತಟ್ಟಿ "ರೈಟ್" ಎಂದುಬಿಟ್ಟರು. ಡ್ರೈವರ್ ಕಾರು ಚಾಲೂ ಮಾಡಿದ. "ಏ, ನಾನು ಇಲ್ಲಿದ್ದೇನೆ ಮಾರಾಯ!" ಎಂದು ಧಣಿ ಕೂಗಿದಾಗ ಜಗಲಿಯ ತುಂಬ ನಗು ಚೆಲ್ಲಿತು. ಧಣಿಗೂ ತಡೆಯಲಾಗಲಿಲ್ಲ.

ಆಮೇಲೆ ಮುದ್ದುವಿನ ಜೊತೆ ಎಸ್ತೆರಳೂ ನಿಂತಳು; ಮರೆ ಕಟ್ಟಿದರು. ಒಬ್ಬೊಬ್ಬರೇ ಹೋಗಿ ಬಂದರು. ಟಕ್, ಟಕ್ ಎಂಬ ಸಣ್ಣ ಸದ್ದು. ಆ ಸಂಜೆ ಮಾಮ ಕಣ್ಣು ಮುಚ್ಚಲಿಲ್ಲ. ಮುದ್ದುವಿನ ಗೆರಟೆ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತೋ ಏನೋ, ಬೇಕೆಂದೇ ಕೆರೆಯ ಕಡೆ ಮುಖ ಮಾಡಿ ನಿಂತಿದ್ದರು. ಧಣಿ ಹೋಗದೆ, ಬೆಂಚಿನ ತುದಿಯಲ್ಲಿ ಕುಳಿತು ನೋಡಿದರು. ಕಾಳುಗಳನ್ನು ಎಲ್ಲರೆದುರು ನೆಲಕ್ಕೆ ಸುರಿದು ಜೋಡಿಸಿದರು. ಎಸ್ತೆರಳ ಸಾಲು ಮುದ್ದುವಿನ ಸಾಲಿಗಿಂತ ಸ್ವಲ್ಪ ಉದ್ದವಿತ್ತು. ಮೊದಲು ಚಪ್ಪಾಳೆ ತಟ್ಟಿದವನು ಮುದ್ದು. ಅವನ ಮುಖದಲ್ಲಿ ಬೇಸರವೂ ಇತ್ತು; ಅವನು ಅದನ್ನು ಅಡಗಿಸಲಿಲ್ಲ.

ಅಷ್ಟರಲ್ಲಿ ಅಡುಗೆಯ ಕಡೆಯಿಂದ ಹಬೆ ಬಂತು. ಅರೆದ ಅಕ್ಕಿಗೆ ತೆಂಗಿನಕಾಯಿ ಸೇರಿಸಿ, ಕಾಯಿಸಿ, ಉಂಡೆ ಕಟ್ಟಿ ಬೇಯಿಸಿದ ಪುಂಡಿ. ಒಂದಷ್ಟು ಉಂಡೆಗಳು ಗುಂಡಗಿದ್ದವು. ಹುಡುಗರು ಕಟ್ಟಿದವು ಎಂಥ ಆಕಾರವೆಂದು ಹೇಳುವಂತಿರಲಿಲ್ಲ. ಎಲ್ಲದಕ್ಕೂ ಒಂದೇ ಬಣ್ಣ, ಬೆಳ್ಳಗಿನ ಮೈಯಲ್ಲಿ ನಸುಗೆಂಪು. ನೆಲ್ಲಿ ಬಾಯಿ ಮೊದಲ ಎಲೆಯನ್ನು ಧಣಿಯ ಮುಂದಿಟ್ಟರು.

ಧಣಿ ಒಂದು ತಿಂದರು. ಇನ್ನೊಂದು ತಿಂದರು. "ಇದು ಯಾರ ಮನೆಯ ಅಕ್ಕಿ?"

"ಹೆಸರು ಹೇಳ್ಲಿಕ್ಕೆ ಹೊರಟರೆ ಪುಂಡಿ ತಣಿತದೆ ಧಣಿ. ತಿನ್ನಿ."

ಧಣಿ ತಿಂದು, ಕೈ ತೊಳೆದು ಹೊರಟರು. ಕಾರಿನ ಬಾಗಿಲ ಬಳಿ ಮಾಮ ಹೇಳಿದರು: "ಮುಡಿಯಲ್ಲಿ ಬೇಡ ಧಣಿ. ಬೇಕಾದರೆ ಬರುವ ವರ್ಷ ಮುಷ್ಟಿಯಲ್ಲಿ ಕೊಡಿ." ಧಣಿ ಕೇಳಿಸದವರಂತೆ ಕುಳಿತರು.

ಉಳಿದ ದಿನಗಳೂ ಪುಂಡಿಯೇ. ಕೊನೆಗೆ ಹುಡುಗರಿಗೆ ಪುಂಡಿ ಎಂದರೆ ಸಾಕುಸಾಕಾಯಿತು, ಕಡೆಯುವ ಕಲ್ಲು ಮಾತ್ರ ಬಲಕ್ಕೆ ತಿರುಗಲು ಕಲಿಯಿತು. ಮುಂದಿನ ವರ್ಷ ಮಾಮ ಎರಡು ಗೋಣಿ ಇಟ್ಟು, ಮೇಲೆ ಚೀಟಿ ಅಂಟಿಸಿ ಸಿದ್ಧರಾದರು. ಹಾಗೆ ಸಿದ್ಧರಾದ ಮೊದಲ ವಾರವೇ ಧಣಿಯ ಮನೆಯಿಂದ ಅವರ ತಂಗಿ, ಮುದ್ದುವಿನ ಅಮ್ಮ, ಒಂದು ಮಡಕೆ ಕಳುಹಿಸಿದರು. ನೆಲ್ಲಿ ಬಾಯಿ ಮುಚ್ಚಳ ತೆರೆದು ನೋಡಿದರೆ ಕುಚ್ಚಲಕ್ಕಿಯೂ ಬೆಳ್ತಿಗೆಯೂ ಬೆರೆಸಿಯೇ ಬಂದಿತ್ತು. ಶಿಬಿರಕ್ಕೆ ಕೊಡಬೇಕಾದ್ದು ಹಾಗೆಯೇ ಎಂದು ಧಣಿ ಮನೆಯಲ್ಲಿ ಹೇಳಿದ್ದರಂತೆ. ಮಾಮ ಚೀಟಿಗಳನ್ನು ಕಿತ್ತು ಹಾಕಿದರು. ಆ ವರ್ಷ ಮುದ್ದು ಮತ್ತೆ ಬಂದ, ಮತ್ತೆ ನಿಂತ, ಗೆದ್ದ. ಯಾರೂ ಏನೂ ಅನ್ನಲಿಲ್ಲ.

ನಾನೀಗ ಕಾಲೇಜಿಗೆ ಹೋಗಿ ಬರುವುದು ಮಾಮನ ಸ್ಟಾಪಿನಿಂದಲೇ. ಹೋದ ವಾರ ಬಸ್ಸು ತಡವಾಗಿತ್ತು. ಮಾಮ ಕಟ್ಟೆಯ ಮೇಲೆ ಕುಳಿತು ಸೀಟಿಯನ್ನು ಅಂಗಿಯ ತುದಿಯಿಂದ ಉಜ್ಜುತ್ತಿದ್ದರು. ಇಷ್ಟು ವರ್ಷ ಕೇಳಬೇಕೆಂದಿದ್ದನ್ನು ಕೇಳಿದೆ.

"ಮಾಮ, ಆ ಮೊದಲಿನ ಸಲವೇ ಮುದ್ದಣ್ಣ ಗೆದ್ದಿದ್ದರೆ? ಯಾರೂ ನಂಬುವುದಿಲ್ಲ ಅಂತ ಹೆದರಿದ್ದಿರಲ್ಲ. ಗೆದ್ದಿದ್ದರೆ ಎಂತ ಮಾಡ್ತಿದ್ದಿರಿ?"

ಮಾಮ ಉಜ್ಜುವುದನ್ನು ನಿಲ್ಲಿಸಿದರು. ಕೆರೆಯ ಮೇಲೆ ಬೆಳಗಿನ ಬಿಸಿಲು ತೆಳ್ಳಗೆ ಹರಡಿತ್ತು. ಈ ಪ್ರಶ್ನೆ ಅವರಲ್ಲಿಯೂ ಬಹಳ ದಿನದಿಂದ ಇತ್ತೆಂದು ಆ ಮುಖ ನೋಡಿದಾಗ ಅನಿಸಿತು.

"ಗೆದ್ದಿದ್ದರೆ?" ಎಂದರು. "ನೋಡು ಮಗಾ, ಅವತ್ತು ಕೆರೆಯ ಕಡೆ ಮುಖ ಮಾಡಿ ನಿಂತಿದ್ದೆನಲ್ಲ, ಅದನ್ನೇ ಯೋಚನೆ ಮಾಡ್ತಿದ್ದೆ. ಅವನು ಗೆದ್ದಿದ್ದರೆ ನಾನು ಮೊದಲು ಆ ಮಕ್ಕಳ ಎದುರು ನಿಂತು,"

ಏರಿನಲ್ಲಿ ಗೇರು ಬದಲಾಯಿತು. ಮಾಮನ ಕಿವಿ ಆ ಕಡೆ ಹೊರಳಿತು. ಸೀಟಿ ಬಾಯಿಗೆ ಹೋಯಿತು, ಉದ್ದ ಕಾಲುಗಳು ಕಟ್ಟೆಯಿಂದ ಇಳಿದವು.

"ಮಾಮ, ನಿಂತು?"

ಅವರು ಒಂದು ಕೈ ಮೇಲೆತ್ತಿ, ಹೇಳುತ್ತೇನೆ ಎಂಬಂತೆ ಬೀಸಿ, ರಸ್ತೆಯ ನಡುವಿಗೆ ನಡೆದುಬಿಟ್ಟರು.